ನಂಗೆ ಬೆನ್ನು ಸಾಕು

ನಮ್ಮ ಮನೆಯ ಓವನ್ನಿನಲ್ಲಿ ಸದ್ಯ ಒಣಮೀನು ಇದೆ. ನಗಬೇಡಿ. ಬೆಕ್ಕು ಬಾಯಿ ಹಾಕದ, ಇರುವೆ ಹತ್ತದ, ಮಳೆಗಾಲದ ತಂಡಿ ಹೊಗದ ಪೆಟ್ಟಿಗೆಯನ್ನು ನಾನು ಈ ಧಾರೇಶ್ವರದಲ್ಲಿ ಇನ್ನೆಲ್ಲಿ ಹುಡುಕಲಿ? ಮೇಲಿನ ಜಾಲರಿಯ ಮೇಲೆ ಡಬ್ಬಿಯಲ್ಲಿ ಒಣ ಸೀಗಡಿ, ಕೆಳಗಿನ ತಟ್ಟೆಯಲ್ಲಿ ಕಾಗದ ಸುತ್ತಿದ ಬಂಗಡೆ. ಗಾಜಿನ ಬಾಗಿಲು ಬೇರೆ ಇರುವುದರಿಂದ ಎಷ್ಟು ಖರ್ಚಾಗಿದೆ ಎಂದು ತೆರೆಯದೆಯೇ ನೋಡಬಹುದು. ಮೊನ್ನೆ ಬಂದ ನೆಂಟರೊಬ್ಬರು ಅದರ ಮುಂದೆ ಬಗ್ಗಿ, “ಎಂತದೇ ಇದು, ಮೀನಿನ ಟೀವಿಯಾ?” ಎಂದು ಕೇಳಿದರು.

ಆ ಓವನ್ನು ಓವನ್ನಾಗಿ ದುಡಿದದ್ದು ಒಂದೇ ಒಂದು ಸಲ. ಅದನ್ನು ನೆನೆದರೆ ನನಗೆ ಈಗಲೂ ಬಾಯಲ್ಲಿ ನೀರೂ ಬರುತ್ತದೆ, ನಗುವೂ ಬರುತ್ತದೆ. ಈ ಕತೆ ನಮ್ಮವರ ಕಣ್ಣಿಗೆ ಬಿದ್ದರೆ ಮನೆಯಲ್ಲಿ ದೊಡ್ಡ ರಾಮಾಯಣವೇ ಆದೀತು. ಆದರೆ ನಮ್ಮವರು ಪೇಪರಿನಲ್ಲಿ ಕ್ರಿಕೆಟ್ಟಿನ ಪುಟ ಬಿಟ್ಟು ಬೇರೆ ಓದಿದ್ದನ್ನು ನಾನು ಕಂಡಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀವೂ ಹೇಳಬೇಡಿ.

ಮೊದಲಿಗೇ ನನ್ನ ಚಾಳಿಯೊಂದನ್ನು ಹೇಳಿಬಿಡುತ್ತೇನೆ. ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ಎತ್ತಿ ನೋಡದೆ ನನಗೆ ಸಮಾಧಾನವಿಲ್ಲ. ಸಾರಿನ ಪಾತ್ರೆಯೇ ಆಗಬೇಕೆಂದಿಲ್ಲ, ಪಕ್ಕದ ಮನೆಯ ಚೀಲವಾದರೂ ಸರಿ. “ಈ ಕೂಸಿನ ಮೂಗು ಒಂದಿನ ಬಾಗ್ಲಿಗೆ ಸಿಕ್ಕಿ ಚಪ್ಪಟೆಯಾಗ್ತದೆ ನೋಡು,” ಎಂದು ಅಮ್ಮ ಬೈಯುತ್ತಿದ್ದಳು. ಮೂಗು ಇನ್ನೂ ನೆಟ್ಟಗಿದೆ. ಚಾಳಿಯೂ ಇದೆ.

ನನ್ನ ತವರು ಭಟ್ಕಳ. ನಾನು ಇಡೀ ಕೋಳಿಯನ್ನು ಮೊದಲು ಕಂಡದ್ದೂ ಅಲ್ಲೇ, ಹೀಗೆ ಒಂದು ಮುಚ್ಚಳ ಎತ್ತಿಯೇ. ಬೇಲಿಯ ಆಚೆಗೆ ನವಾಯತ ಮುಸ್ಲಿಮರ ಮನೆ. ಆ ಮನೆಯ ಜುಲೇಖಾಳನ್ನು ನಾವೆಲ್ಲ ಆಪಾ ಎಂದೇ ಕರೆಯುತ್ತಿದ್ದೆವು. ಒಂದು ಹಬ್ಬಕ್ಕೆ ಆಪಾ ಬೇಲಿಯ ಮೇಲಿನಿಂದ ಕಸೂತಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ದಾಟಿಸಿದಳು. ಅಮ್ಮ ಕೈ ಒರೆಸಿಕೊಂಡು ಬರುವುದರೊಳಗೆ ನಾನು ಬಟ್ಟೆ ಸರಿಸಿ ಆಗಿತ್ತು. ಒಳಗೆ ಕೆಂಪಗೆ, ಮಿರಮಿರ ಹೊಳೆಯುತ್ತ, ಕಾಲು ಮಡಚಿಕೊಂಡು ಇಡೀ ಕೋಳಿಯೊಂದು ಮಲಗಿತ್ತು. ನಾನು ಕಿಟಾರನೆ ಕಿರುಚಿದೆ. ಅಲ್ಲಿಯವರೆಗೆ ನನ್ನ ಪ್ರಕಾರ ಕೋಳಿ ಇರುವುದು ಎರಡೇ ರೂಪದಲ್ಲಿ. ಒಂದು ಅಂಗಳದಲ್ಲಿ ಓಡಾಡುವುದು, ಇನ್ನೊಂದು ಸಾರಿನಲ್ಲಿ ಮುಳುಗಿರುವುದು. ಇವೆರಡರ ನಡುವೆ ಹೀಗೊಂದು ಅವಸ್ಥೆ ಉಂಟೆಂದು ಯಾರೂ ನನಗೆ ಹೇಳಿರಲಿಲ್ಲ.

ಮನೆಯವರೆಲ್ಲ ಸುತ್ತ ಕೂತು ಅದನ್ನು ನೋಡಿದೆವು. ತಿನ್ನುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಕೇಳೋಣವೆಂದರೆ ನಾಚಿಕೆ. ಕೊನೆಗೆ ಅಪ್ಪ ತೆಂಗಿನಕಾಯಿ ಸುಲಿಯುವ ಕತ್ತಿ ತಂದು ನಡುವಿಗೆ ಒಂದೇಟು ಹಾಕಿದ. ಹೊಟ್ಟೆಯೊಳಗಿಂದ ಬೇಯಿಸಿದ ಮೊಟ್ಟೆಯೊಂದು ಉರುಳಿ ಬಂತು! ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದು ಶಾಲೆಯಲ್ಲಿ ಕೇಳುತ್ತಿದ್ದ ಪ್ರಶ್ನೆ ನನಗೆ ಆ ದಿನ ಇನ್ನಷ್ಟು ಕಗ್ಗಂಟಾಯಿತು. ಅಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ತುಂಡುಗಳನ್ನೆಲ್ಲ ಬಳಿದು ಪಾತ್ರೆಗೆ ಹಾಕಿ, ಕಾಯಿ ಅರೆದು ಮಸಾಲೆ ಕೂಡಿಸಿ, ಕೊತಕೊತ ಕುದಿಸಿ ಸಾರು ಮಾಡಿಬಿಟ್ಟಳು. “ರಸ ಇಲ್ದೆ ಅನ್ನಕ್ಕೆ ಎಂತ ಕಲಸೂದು?” ಎನ್ನುವುದು ಅವಳ ಪ್ರಶ್ನೆ. ಮರುದಿನ ಆಪಾ ಬೇಲಿಯ ಹತ್ತಿರ, “ಹೆಂಗಿತ್ತು?” ಎಂದು ಕೇಳಿದಾಗ, “ಸಾರು ಭಾರೀ ಚಲೋ ಆಗಿತ್ತು,” ಎಂದಳು. ಆಪಾ ಬೇಲಿಯ ಗೂಟ ಹಿಡಿದುಕೊಂಡು ನಕ್ಕದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಹಬ್ಬಕ್ಕೂ ಕೋಳಿ ಬಂತು. ಜೊತೆಗೆ, ಇದನ್ನು ಸಾರಿಗೆ ಹಾಕಬಾರದಂತೆ ಎನ್ನುವ ಅಪ್ಪಣೆಯೂ ಬಂತು.

ಹೀಗೆ ಇಡೀ ಕೋಳಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಮದುವೆಯಾಗಿ ಧಾರೇಶ್ವರಕ್ಕೆ ಬಂದ ಮೇಲೆ ಮಾತ್ರ ಅದರ ಮಾತೆತ್ತುವ ಹಾಗಿರಲಿಲ್ಲ. ಯಾಕೆಂದರೆ ಇಲ್ಲಿ ಕೋಳಿಯ ಒಂದೊಂದು ತುಂಡಿಗೂ ಒಬ್ಬೊಬ್ಬ ವಾರಸುದಾರರಿದ್ದಾರೆ, ಹಂಚುವ ಸೌಟು ಅತ್ತೆಯ ಕೈಯಲ್ಲಿದೆ.

ಶ್ರಾವಣ ಹತ್ತಿತೆಂದರೆ ಮೀನಿನ ಬುಟ್ಟಿಯವಳೂ ನಮ್ಮ ಅಂಗಳ ಬಿಟ್ಟು ಮುಂದಿನ ಮನೆಗೆ ಹೋಗುತ್ತಾಳೆ. ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಎಲ್ಲರೂ ಭಕ್ತಿಯಿಂದಲೇ ಮಲಗುತ್ತೇವೆ. ಬೆಳಿಗ್ಗೆ ಎದ್ದವರ ಬಾಯಲ್ಲಿ ಕೋಳಿಯದೇ ಮಾತು. ಆ ದಿನ ಮುರ್ಡೇಶ್ವರದಿಂದ ನಾದಿನಿ ಸುಮಿತ್ರಾ, ಅವಳ ಗಂಡ ಉಮೇಶ ಬರುತ್ತಾರೆ. ಅತ್ತೆ ಮೆಟ್ಟುಗತ್ತಿಯ ಮುಂದೆ ಕೂತು ಕೋಳಿಯನ್ನು ತಾವೇ ತುಂಡು ಮಾಡುತ್ತಾರೆ, ಅಂಗಡಿಯವನಿಗೆ ಬಿಡುವುದಿಲ್ಲ. ಊಟಕ್ಕೆ ಕೂತಾಗ ಸಾರಿನ ಪಾತ್ರೆಯ ಪಕ್ಕ ಮಣೆ ಹಾಕಿಕೊಂಡು, ಒಳಗೆ ನೋಡದೆಯೇ ಸೌಟು ಆಡಿಸಿ, ಬೇಕಾದ ತುಂಡನ್ನೇ ಎತ್ತುತ್ತಾರೆ. ಒಂದು ಕಾಲು ಅಳಿಯನಿಗೆ, ಇನ್ನೊಂದು ಮೊಮ್ಮಗಳಿಗೆ, ಅಂದರೆ ನನ್ನ ಮಗಳು ಶ್ರೇಯಾಳಿಗೆ. ಎದೆಯ ತುಂಡು ಮಗ ಮಾದೇವನಿಗೆ, ಅಂದರೆ ನಮ್ಮವರಿಗೆ. ಅವರಿಗೆ ಎಲುಬು ಬಿಡಿಸಲು ಸೋಮಾರಿತನ. ಸುಮಿತ್ರಾಳಿಗೆ ರೆಕ್ಕೆ. ಸೊಸೆಯಾದ ನನಗೆ ಕುತ್ತಿಗೆ. ಹೊಸತರಲ್ಲಿ, ಇದೇನು ಅತ್ತೆ ನನಗೆ ಕುತ್ತಿಗೆ ಎಂದು ಕೇಳಿದ್ದೆ. “ಎಲ್ಲಾ ಕಡೆ ತಿರುಗಿಸಿ ತಿರುಗಿಸಿ ನೋಡೂ ಅಭ್ಯಾಸ ಅದೆಯಲ್ಲ ನಿಂಗೆ, ಅದ್ಕೇ,” ಎಂದಿದ್ದರು.

ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಯಾರಾದರೊಬ್ಬರು, “ಅಮ್ಮಾ, ನಿಂಗೆ?” ಎಂದು ಕೇಳುವುದು, ಅತ್ತೆ ಸೌಟನ್ನು ಪಾತ್ರೆಯ ಕಂಠಕ್ಕೆ ಟಣ್ ಎಂದು ಕುಟ್ಟಿ, “ನಂಗೆ ಬೆನ್ನು ಸಾಕು,” ಎನ್ನುವುದು ವರ್ಷವೂ ತಪ್ಪದ ಕ್ರಮ. ಅಷ್ಟು ಕೇಳಿದ್ದೇ ನಮ್ಮವರು, “ನಮ್ಮನ್ನೆಲ್ಲ ಸಾಕೂದ್ರಲ್ಲಿ ನಮ್ಮಮ್ಮ ಜೀವಮಾನ ಇಡೀ ಎಲುಬು ಚೀಪಿದ್ಲು,” ಎಂದು ಎದೆಯ ತುಂಡು ಬಾಯಲ್ಲಿಟ್ಟುಕೊಂಡೇ ಕಣ್ಣು ಒರೆಸಿಕೊಳ್ಳುತ್ತಾರೆ.

ನನಗೆ ಮಾತ್ರ ಒಂದು ಕುತೂಹಲ ಉಳಿದೇಬಿಟ್ಟಿತ್ತು. ಬೇಸರದಲ್ಲಿ ತಿನ್ನುವವರ ಮುಖ ನನಗೆ ಗೊತ್ತಿದೆ. ಹಾಗಲಕಾಯಿ ಪಲ್ಯದ ದಿನ ನಮ್ಮ ಮನೆಯಲ್ಲಿ ಎಲ್ಲರ ಮುಖವೂ ಅದೇ. ಬೆನ್ನು ತಿಂದು ಅಡುಗೆಮನೆಯಿಂದ ಹೊರಬರುವ ಅತ್ತೆಯ ಮುಖ ಹಾಗಿರುತ್ತಿರಲಿಲ್ಲ. ಅವರು ಕೊನೆಗೆ ಉಣ್ಣುವುದು, ಗೋಡೆಯ ಕಡೆ ಮುಖ ಮಾಡಿ ಉಣ್ಣುವುದು. ನಾನೇನಾದರೂ ಆಗ ಒಳಗೆ ಕಾಲಿಟ್ಟರೆ, “ಏ, ಬಾವಿ ಕಟ್ಟೆ ಮೇಲೆ ಚೊಂಬು ಉಳದ್ದು, ತಕಂಬಾ,” ಎಂದು ಹೊರಗೆ ಅಟ್ಟುವುದು. ಎಷ್ಟೋ ಸಲ ಹೋಗಿ ನೋಡಿದ್ದೇನೆ, ಕಟ್ಟೆಯ ಮೇಲೆ ಚೊಂಬು ಇದ್ದದ್ದೇ ಇಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಬೆನ್ನಲ್ಲಿ ಎಂತ ಅದೆ ಅತ್ತೆ?”

“ಎಲುಬು. ಮತ್ತೆಂತ?”

ಅಲ್ಲಿಗೆ ಮಾತು ಮುಗಿಯಿತು. ಕುತೂಹಲ ಮುಗಿಯಲಿಲ್ಲ.

ಹೀಗಿರುವಾಗ ಉಮೇಶ ಕೆಲಸ ಮಾಡುವ ಹೋಟೆಲಿನವರು ದೊಡ್ಡ ಓವನ್ ತಂದು ಸಣ್ಣದನ್ನು ಮೂಲೆಗೆ ಹಾಕಿದರು. ಉಮೇಶ ಅದನ್ನು ಅತ್ತೆಯ ಮನೆಗೆಂದು ರಿಕ್ಷಾದಲ್ಲಿ ಹೇರಿಕೊಂಡು ಬಂದ. ಶ್ರೇಯಾ ಹೊನ್ನಾವರದಲ್ಲಿ ಕಾಲೇಜು ಓದುವವಳು. ಮೊಬೈಲಿನಲ್ಲಿ ಜಗತ್ತಿನ ಎಲ್ಲ ಹಬ್ಬದೂಟಗಳನ್ನೂ ನೋಡಿ ಮುಗಿಸಿದ್ದಾಳೆ. “ಈ ಸಲ ಇಡೀ ಕೋಳಿ ಸುಡ್ವ!” ಎಂದು ಕುಣಿದಳು. ನಾನಂತೂ ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೆನೋ. ನಮ್ಮವರಿಗೂ ಹುರುಪು ಬಂತು.

ಅತ್ತೆ ಹೂವು ಕಟ್ಟುತ್ತ ಕೂತಿದ್ದರು. “ಹಂಗಾರೆ ಬಡಿಸೂದು ಯಾರು?” ಎಂದರು.

“ಬಡಿಸೂದೆಂತ ಇಲ್ಲ ಅಮ್ಮಾ,” ಎಂದರು ನಮ್ಮವರು. “ನಡುವೆ ಇಡೂದು. ಯಾರಿಗೆ ಎಂತ ಬೇಕೋ ಕೊಯ್ಕಂಡು ತಿನ್ನೂದು. ಈ ಸಲ ನೀ ನಮ್ಮ ಸಂಗ್ತಿಗೇ ಕೂತ್ಕಾ. ಕಾಲು ನಿಂಗೇ. ಬೆನ್ನು ತಿಂದದ್ದು ಸಾಕು.”

ಅತ್ತೆಯ ಕೈಯಲ್ಲಿ ಹೂವು ನಿಂತಿತು. ನಮ್ಮವರು ತಾಯಿಯ ಋಣ ತೀರಿಸಿದ ಖುಷಿಯಲ್ಲಿ ಎದ್ದು ಹೋದರು. ಈ ಮನೆಯಲ್ಲಿ ಅತ್ತೆ ಎಂದೂ ಒಡವೆ ಕೇಳಿದವರಲ್ಲ, ಊರು ಸುತ್ತಿಸಿ ಎಂದವರಲ್ಲ. ಅವರದೆಂದು ಇದ್ದದ್ದು ಆ ಸೌಟು ಒಂದೇ. ಅದನ್ನು ನಾವು ಪ್ರೀತಿಯಿಂದಲೇ ಕಸಿದುಕೊಳ್ಳುತ್ತಿದ್ದೆವು. ಬೇಡ ಎನ್ನೋಣವೆಂದರೆ ಇಡೀ ಕೋಳಿಯ ಆಸೆ ನನ್ನನ್ನೂ ಬಿಡುವುದಿಲ್ಲ.

ಉಮೇಶ ಮೊದಲೇ ಹೇಳಿದ್ದ: ಊರ ಕೋಳಿ ತರಬೇಡಿ, ಅದು ಇದರಲ್ಲಿ ಬೇಯಬೇಕಾದರೆ ಮುಂದಿನ ಚೌತಿ ಬರಬೇಕು. ಹಾಗಾಗಿ ನಾನೇ ಕುಮಟಾದ ಕೋಳಿ ಅಂಗಡಿಗೆ ಹೋದೆ.

“ಇಡೀ ಕೋಳಿ ಬೇಕು,” ಎಂದೆ.

“ಆತು. ಎಷ್ಟು ತುಂಡು ಮಾಡೂದು?”

“ತುಂಡು ಬೇಡ. ಇಡೀ.”

“ಅದೇ, ಇಡೀ ಕೋಳಿ ನಿಮ್ಗೇ. ತುಂಡು ಸಣ್ಣದಾ, ದೊಡ್ಡದಾ?”

ಕೈಯಲ್ಲಿ ಅಭಿನಯಿಸಿ ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು. ಚರ್ಮವೂ ಇರಲಿ ಎಂದಾಗ ಕತ್ತಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. “ಹರಕೆಯಾ?” ಎಂದು ಮೆಲ್ಲಗೆ ಕೇಳಿದ. ಹೌದೆಂದುಬಿಟ್ಟೆ. ಭಟ್ಕಳದ ಆ ತಟ್ಟೆಯನ್ನು ನೆನೆದರೆ ಅದು ಪೂರಾ ಸುಳ್ಳೂ ಅಲ್ಲ.

ಮನೆಯಲ್ಲಿ ಕೋಳಿಗೆ ಮೊಸರು, ಬೆಳ್ಳುಳ್ಳಿ, ಬ್ಯಾಡಗಿ ಮೆಣಸು, ಕಾಳುಮೆಣಸು, ಲಿಂಬೆಹಣ್ಣು ಎಲ್ಲ ಹಚ್ಚಿದ್ದಾಯಿತು. ಹೊಟ್ಟೆಗೆ ನೀರುಳ್ಳಿ ತುಂಬಿ, ಆಪಾಳ ನೆನಪಿಗೆ ಒಂದು ಮೊಟ್ಟೆಯನ್ನೂ ನಾನು ಒಳಗೆ ಇಟ್ಟೆ. ಕಾಲು ಕಟ್ಟಲು ದಾರ ಸಿಗಲಿಲ್ಲ. ಅತ್ತೆ ತಮ್ಮ ಹೂವಿನ ಬುಟ್ಟಿಯಿಂದ ಬಾಳೆನಾರು ತಂದು, ದಂಡೆ ಕಟ್ಟುವ ಗಂಟನ್ನೇ ಹಾಕಿ ಬಿಗಿದರು. ಬಿಗಿದವರು ಕೋಳಿಯನ್ನು ಮಗುಚಿ ಅದರ ಸೊಂಟವನ್ನು ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

“ಅಂಗಾತ ಮನಗ್ಸಿದ್ರೆ ಬೆನ್ನು ಸೀದು ಹೋಗೂದಿಲ್ವನೋ ಅಳಿಯಾ?”

“ಇಲ್ಲ ಅತ್ತೆ, ಜಾಲರಿ ಅದೆ.”

“ಅಲ್ಲ, ಸುಮ್ನೆ ಕೇಳ್ದೆ.”

ಆಮೇಲೆ ಎಲ್ಲರೂ ಓವನ್ನಿನ ಮುಂದೆ ನೆಲದ ಮೇಲೆ ಸಾಲಾಗಿ ಕೂತೆವು. ಒಳಗೆ ಹಳದಿ ದೀಪ, ನಡುವೆ ಕೋಳಿ. ಅದರ ತೊಗಲು ಮೊದಲು ಬೆವರಿತು, ಆಮೇಲೆ ಬಿಗಿಯಿತು, ಆಮೇಲೆ ಅಲ್ಲಲ್ಲಿ ಉಬ್ಬಿ ಕೆಂಪಾಯಿತು. ಕೊಬ್ಬು ಕೆಳಗಿನ ತಟ್ಟೆಗೆ ಚುಂಯ್ ಚುಂಯ್ ಎಂದು ತೊಟ್ಟಿಕ್ಕಿತು. ಒಂದು ಕೋಳಿ ಸಾರಾಗುವುದನ್ನು ನಾನು ನೂರು ಸಲ ನೋಡಿದ್ದೇನೆ, ಅಲ್ಲಿ ಕಾಣುವುದು ಬರೀ ಗುಳ್ಳೆ. ಇದು ಹಾಗಲ್ಲ. “ಕೂತ ಗತ್ತು ನೋಡು, ಬಚ್ಚಲಲ್ಲಿ ಬಿಸಿನೀರಿಗೆ ಕಾದಂಗೆ,” ಎಂದು ಅತ್ತೆಯೂ ನಕ್ಕರು. ಆದರೆ ಅವರು ನೋಡುತ್ತಿದ್ದದ್ದು ಹೊಳೆಯುವ ಎದೆಯನ್ನಲ್ಲ. ಕುತ್ತಿಗೆ ವಾರೆ ಮಾಡಿ ಜಾಲರಿಯ ಅಡಿಯನ್ನು ನೋಡುತ್ತಿದ್ದರು.

ಕೋಳಿ ಹೊರಗೆ ಬಂತು. ಏನು ಬಣ್ಣ, ಏನು ಪರಿಮಳ! ನಮ್ಮವರು ಮೊಬೈಲಿನಲ್ಲಿ ಕಲಿತ ವಿದ್ಯೆ ತೋರಿಸಲು ಚೂರಿ ಹಿಡಿದರು. ಕೋಳಿ ತಟ್ಟೆಯಿಂದ ಜಾರಿ ಶ್ರೇಯಾಳ ಮಡಿಲಿಗೆ ಬಿತ್ತು. ಚೂರಿ ಉಮೇಶನ ಕೈಗೆ ಹೋಯಿತು. ಅವನು ಎದೆ ಕೊಯ್ದ, ರೆಕ್ಕೆ ತೆಗೆದ, ಅತ್ತೆ ಸುಮ್ಮನಿದ್ದರು. ತೊಡೆಗೆ ಚೂರಿ ಇಟ್ಟು ಸೊಂಟದ ಕಡೆಗೆ ಇಳಿಸುತ್ತಿದ್ದಂತೆ ಕೂತಲ್ಲೇ ಮುಂದಕ್ಕೆ ಬಾಗಿದರು.

“ಅಷ್ಟು ಕೆಳ್ಗೆ ಬೇಡ ಅಳಿಯಾ. ಅಲ್ಲಿ ಬರೀ ಎಲುಬು. ಚೂರಿ ಮೊಂಡಾಗ್ತದೆ.”

ಅತ್ತೆಯ ಮಾತು ಮೀರುವುದುಂಟೆ? ಉಮೇಶ ಮೇಲಿಂದಲೇ ಕಾಲು ತಿರುಚಿ ಬಿಡಿಸಿದ. ನಮ್ಮವರು ಅದನ್ನು ಎರಡೂ ಕೈಯಲ್ಲಿ ಅಮ್ಮನ ತಟ್ಟೆಗೆ ಇಟ್ಟು, “ತಿನ್ನಮ್ಮಾ, ಇವತ್ತಾದ್ರೂ ತಿನ್ನು,” ಎಂದು ಗದ್ಗದರಾದರು. ಸುಮಿತ್ರಾಳೂ ಕಣ್ಣು ಒರೆಸಿಕೊಂಡಳು. ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟು, “ಚಲೋ ಅದೆ ಮಗಾ,” ಎಂದರು. ನಾನು ಅವರ ಮುಖ ನೋಡಿದೆ. ಸಾಕ್ಷಾತ್ ಹಾಗಲಕಾಯಿ ಪಲ್ಯದ ಮುಖ!

ಕಾಲಿನ ಹೆಚ್ಚು ಪಾಲು ಮೆಲ್ಲಗೆ ಶ್ರೇಯಾಳ ತಟ್ಟೆಗೆ ದಾಟಿತು. ಉಳಿದವರು ಬಾಯಿ ಚಪ್ಪರಿಸುತ್ತ ಉಂಡರು. ತಟ್ಟೆಯಲ್ಲಿ ಕೋಳಿಯ ಹಂದರವಷ್ಟೇ ಉಳಿಯಿತು. ನಮ್ಮವರು ತಟ್ಟೆ ಎತ್ತಿಕೊಂಡು ಎದ್ದರು. “ಇನ್ನೆಂತ ಇಲ್ಲ ಇದ್ರಲ್ಲಿ. ನಾಯಿಗೆ ಹಾಕ್ತೆ.”

“ಏ ಮಾದೇವಾ! ಇಡು ಅದ್ನ!”

ನಮ್ಮ ಅತ್ತೆಗೆ ಮಂಡಿನೋವು. ಗೋಡೆ ಹಿಡಿಯದೆ ಎದ್ದವರಲ್ಲ. ಆ ಹೊತ್ತು ಹೇಗೆ ಎದ್ದರೋ, ಹೇಗೆ ಬಾಗಿಲಿಗೆ ಅಡ್ಡ ನಿಂತರೋ! “ಎಲುಬು ಅಂದ್ರೆ ಬಿಟ್ಟಿ ಬಂತಾ? ನಾಳಿಗೆ ಸಾರು ಮಾಡೂಕೆ ಬತ್ತದೆ,” ಎಂದು ತಟ್ಟೆ ಕಸಿದುಕೊಂಡು ಅಡುಗೆಮನೆಗೆ ಹೋದರು. “ನೋಡಿ, ಈಗ್ಲೂ ಮನೆ ಚಿಂತೆನೇ ಅವಳಿಗೆ,” ಎಂದು ನಮ್ಮವರು ನಿಟ್ಟುಸಿರು ಬಿಟ್ಟರು.

ನನ್ನ ಮೂಗು ಸುಮ್ಮನಿರುತ್ತದೆಯೆ? ನೀರಿನ ತಂಬಿಗೆ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹಂದರವನ್ನು ಬೋರಲು ಹಾಕಿ, ಸೊಂಟದ ಎಲುಬಿನ ಗುಳಿಗೆ ಹೆಬ್ಬೆರಳು ತೂರಿಸಿ ಒತ್ತಿದರು. ಸುಲಿದ ಅಡಿಕೆಯಷ್ಟು ಗುಂಡಗಿನ ಮಾಂಸದ ಉಂಡೆಯೊಂದು ಅಖಂಡವಾಗಿ ಎದ್ದು ಬಂತು. ಅದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ಎದುರಿಗೆ ನಾನು.

ಬಾವಿಕಟ್ಟೆಯ ಚೊಂಬು ತರಲು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಇನ್ನೊಂದು ಬದಿಯ ಗುಳಿಗೆ ಹೆಬ್ಬೆರಳು ಹಾಕಿ, ಎರಡನೆಯ ಉಂಡೆಯನ್ನು ತೆಗೆದು ಸೀದಾ ನನ್ನ ಬಾಯಿಗೆ ತುರುಕಿದರು.

“ಬಾಯಿ ಮುಚ್ಕಂಡು ತಿನ್ನು.”

ಅದರ ರುಚಿಯನ್ನು ಹೇಗೆ ಹೇಳಲಿ? ಎದೆಯ ಹಾಗೆ ಒಣಗಿಲ್ಲ, ಕಾಲಿನ ಹಾಗೆ ನಾರಿಲ್ಲ. ಕೋಳಿಯ ಕೊಬ್ಬೆಲ್ಲ ಇಳಿದು ಬಂದು ನೆನೆದಿದೆ, ಬೆಣ್ಣೆಯ ಹಾಗೆ ಮೆತ್ತಗಿದೆ. ನಾನು ಅಷ್ಟು ವರ್ಷ ಕುತ್ತಿಗೆ ಚೀಪಿಕೊಂಡು ಬಂದದ್ದು ನೆನಪಾಗಿ ಹೊಟ್ಟೆ ಉರಿಯಿತು.

“ಅತ್ತೆ! ಇಷ್ಟು ವರ್ಷ ಇದನ್ನಾ?”

“ಮತ್ತೆ? ಎಲುಬು ಚೀಪೂಕೆ ನಂಗೆಂತ ಮರುಳಾ?” ಸೆರಗಿನಿಂದ ಬಾಯಿ ಒರೆಸಿಕೊಂಡರು. “ಕಾಲು, ಎದೆ ಎಲ್ಲಾ ಅಳಿಯಂದ್ರಿಗೆ, ಗಂಡು ಮಕ್ಕಳಿಗೆ. ಆತು, ತಿನ್ಲಿ. ಬೇಯ್ಸೋಳಿಗೂ ಒಂದ್ ಚೂರು ಇರ್ಲಿ ಅಂತ ದೇವ್ರು ಇಟ್ಟಿದ್ದಾ. ಯಾರಿಗೂ ಕಾಣದಂಗೆ ಹಿಂದ್ಗಡೆ ಇಟ್ಟಿದ್ದಾ.”

“ಇದಕ್ಕೆ ಹೆಸರೆಂತ?”

“ಹೆಸ್ರಿಲ್ಲ. ಹೆಸ್ರಿಟ್ರೆ ಕೇಳೂಕೆ ಬತ್ರು.”

“ನಿಮಗೆ ಯಾರು ಹೇಳಿಕೊಟ್ಟದ್ದು?”

“ನಮ್ಮತ್ತೆ. ಅವಳೂ ಹೇಳ್ಲಿಲ್ಲ. ಒಂದಿನ ನಾನೂ ಹಿಂಗೇ, ನೀರು ಬೇಕು ಅಂತ ಒಳ್ಗೆ ಬಂದಿದ್ದೆ.” ಅಷ್ಟು ಹೇಳಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ನನ್ನ ಮುಖ ನೋಡದೆ, “ಸೌಟು ಹೋದ್ರೆ ಇದೂ ಹೋತದೆ. ಅದ್ಕೇ ಹೆದ್ರಿಕೆ ಆಗಿತ್ತು,” ಎಂದರು.

ಆಗ ಹೊರಗಿನಿಂದ ನಮ್ಮವರ ಧ್ವನಿ ಬಂತು. “ಅಮ್ಮಾ, ಒಳ್ಗೆ ಎಂತ ತಿಂತಿದ್ದೆ?”

“ಎಂತ ಇಲ್ಲ ಮಗಾ, ಬೆನ್ನು,” ಎಂದು ಅತ್ತೆ ದೀನಸ್ವರದಲ್ಲಿ ಕೂಗಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಮುಂದಿನ ಚೌತಿ ಬರುವ ಹೊತ್ತಿಗೆ ನಾನು ಮನೆಯಲ್ಲಿ ಒಂದು ಮಾತು ಹಬ್ಬಿಸಿದ್ದೆ: ಓವನ್ನಿನಲ್ಲಿ ಸುಟ್ಟ ಕೋಳಿ ಮೈಗೆ ಉಷ್ಣ, ಸಾರೇ ಸೈ, ವಡೆಗೂ ಅದೇ ಹೊಂದುವುದು. ಶ್ರೇಯಾ ಗೊಣಗಿದಳು. ಓವನ್ನಿಗೆ ಒಣಮೀನು ಹೋಯಿತು. ಅತ್ತೆ ಮೆಟ್ಟುಗತ್ತಿಯ ಮುಂದೆ ಕೂತು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸೊಂಟದ ಭಾಗ ಸೀಳದಂತೆ ಕತ್ತಿ ಎಲ್ಲಿ ಆಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಬಾಯಿ ತೆರೆಯದೆ ತೋರಿಸಿದರು.

ಈ ವರ್ಷ ಅವರ ಮಂಡಿನೋವು ಜೋರಾಗಿದೆ, ಮಣೆಯ ಮೇಲೆ ಕೂರಲು ಆಗುವುದಿಲ್ಲ. ಗಣಪತಿಯನ್ನು ಕಳಿಸಿದ ಮರುದಿನ ಊಟಕ್ಕೆ ಕೂತಾಗ, “ಇನ್ನು ನೀನೇ ಬಡಿಸೆ,” ಎಂದು ಎಲ್ಲರೆದುರಿಗೆ ಸೌಟನ್ನು ನನ್ನ ಕೈಗೆ ಕೊಟ್ಟರು. ಕಾಲು ಅಳಿಯನಿಗೆ ಹೋಯಿತು, ಎದೆ ಮಗನಿಗೆ ಹೋಯಿತು, ಕುತ್ತಿಗೆ ಈ ಸಲ ಶ್ರೇಯಾಳಿಗೆ ಹೋಯಿತು. ಅತ್ತೆಯ ತಟ್ಟೆಗೆ ಎಲ್ಲರಿಗೂ ಕಾಣುವಂತೆ ಸಣ್ಣದೊಂದು ರೆಕ್ಕೆ ಹಾಕಿದೆ. ಅನ್ನದ ಗುಪ್ಪೆಯ ಅಡಿಯಲ್ಲಿ ಗುಂಡಗಿನದೊಂದನ್ನು ಮೊದಲೇ ಹೂತಿಟ್ಟಿದ್ದೆ.

“ನೀ ಎಂತ ಇಟ್ಕಂಡೆ?” ಎಂದು ನಮ್ಮವರು ಕೇಳಿದರು.

ಸೌಟನ್ನು ಪಾತ್ರೆಯ ಕಂಠಕ್ಕೆ ಟಣ್ ಎಂದು ಕುಟ್ಟಿದೆ. “ನಂಗೆ ಬೆನ್ನು ಸಾಕು.”

ನಮ್ಮವರ ಕಣ್ಣು ತುಂಬಿ ಬಂತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದೇ ಇಲ್ಲ. ಅತ್ತೆ ತಲೆ ಬಗ್ಗಿಸಿ ಅನ್ನ ಕೆದಕುತ್ತಿದ್ದರು. ಶ್ರೇಯಾ ಮಾತ್ರ ಕುತ್ತಿಗೆಯ ತುಂಡನ್ನು ತಿರುಗಿಸುವುದು ನಿಲ್ಲಿಸಿ, ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನದೇ ಮೂಗು ಅವಳದು.

“ಅಮ್ಮಾ, ಬೆನ್ನಲ್ಲಿ ಎಂತ ಅದೆ?”

“ಎಲುಬು,” ಎಂದೆ. “ಮತ್ತೆಂತ?”